ವಾಷರಮ್ಮನ ನೂರು ದಿನ

ಬೆಳಗಿನ ಐದು ಗಂಟೆ. ನಾಲ್ಕು ಬ್ಲಾಕು, ನೂರಾನಾಲ್ಕು ಮನೆಗಳ ಈ ವಸತಿ ಸಮುಚ್ಚಯ ಇನ್ನೂ ಹೊದಿಕೆಯೊಳಗಿದೆ. ಎರಡನೇ ಬ್ಲಾಕಿನ ಮೆಟ್ಟಿಲ ಪಕ್ಕ, ಪೈಪುಗಳು ಗೋಡೆ ಹಿಡಿದು ಮೇಲೆ ಹೋಗುವ ಜಾಗದಲ್ಲಿ, ಐವತ್ತೆರಡು ವರ್ಷದ ಹೆಂಗಸೊಬ್ಬರು ಗೋಡೆಗೆ ಆತು ನಿಂತಿದ್ದಾರೆ. ಕೈಯಲ್ಲಿ ಮೊಳದುದ್ದದ ಸ್ಕ್ರೂಡ್ರೈವರ್. ಅದರ ತುದಿ ಪೈಪಿನ ಮೇಲೆ, ಮರದ ಹಿಡಿ ಅವರ ಎಡಗಿವಿಯ ಮೇಲೆ. ನಾನು ಏನೋ ಕೇಳಲು ಬಾಯಿ ತೆರೆಯುತ್ತೇನೆ. ಅವರು ಕಣ್ಣು ಮುಚ್ಚಿಕೊಂಡೇ ಅಂಗೈ ಎತ್ತಿ ನನ್ನನ್ನು ಸುಮ್ಮನಾಗಿಸುತ್ತಾರೆ.

ಅರ್ಧ ನಿಮಿಷದ ಮೇಲೆ, "ಇದೇ ಮಹಡಿ," ಎನ್ನುತ್ತಾರೆ. "ಬಚ್ಚಲಲ್ಲ, ಅಡುಗೆಮನೆ. ನಿನ್ನೆ ಇರ್ಲಿಲ್ಲ ಇದು."

ಸ್ಕ್ರೂಡ್ರೈವರ್ ನನ್ನ ಕೈಗೆ ಬರುತ್ತದೆ. ಕಿವಿಗಿಟ್ಟು ಕೇಳುತ್ತೇನೆ. ಮೊದಲು ಏನೂ ಇಲ್ಲ. ಆಮೇಲೆ, ಬಹಳ ದೂರದಲ್ಲಿ ಯಾರೋ ನಾಲಿಗೆ ಲೊಚಗುಟ್ಟಿದಂತೆ ಒಂದು ಸದ್ದು, ಬಿಟ್ಟು ಬಿಟ್ಟು. ಈ ಹೊತ್ತಿನಲ್ಲಿ ಮಾತ್ರ ಇದು ಕೇಳುತ್ತದಂತೆ. ಆರು ಗಂಟೆಗೆ ಮನೆಗಳು ಎದ್ದು ನಲ್ಲಿ ತಿರುಗಿಸಿದರೆ ಯಾವುದು ಬಳಕೆ, ಯಾವುದು ಸೋರಿಕೆ ಎಂದು ಬೇರ್ಪಡಿಸಲು ಯಾರಿಂದಲೂ ಆಗುವುದಿಲ್ಲ. ಬಾಲ್ಯದಲ್ಲಿ ಬಂದ ಜ್ವರಕ್ಕೆ ಇವರ ಬಲಗಿವಿ ಹೋಗಿದೆ. ಇರುವ ಒಂದೇ ಕಿವಿಯಲ್ಲಿ ನೂರಾನಾಲ್ಕು ಮನೆಗಳ ನೀರು ಕಾಯುತ್ತಿದ್ದಾರೆ.

ಇಲ್ಲಿ ಎಲ್ಲರೂ ಇವರನ್ನು ಕರೆಯುವುದು ವಾಷರಮ್ಮ ಎಂದು. ಹೊಸದಾಗಿ ಬಾಡಿಗೆಗೆ ಬಂದವರು ಆ ಹೆಸರು ಕೇಳಿ ಬಟ್ಟೆಗಂಟು ಹೊತ್ತು ಬಾಗಿಲಿಗೆ ಬರುವುದುಂಟು. "ಒಗೆಯೋ ವಾಷರ್ ಅಲ್ಲ, ನಲ್ಲಿಯೊಳಗಿನ ವಾಷರ್," ಎಂದು ಇವರು ಜೇಬಿನಿಂದ ಬೆರಳುಗುರಿನಷ್ಟಗಲದ ರಬ್ಬರ್ ಬಿಲ್ಲೆ ತೆಗೆದು ತೋರಿಸುತ್ತಾರೆ. ಸವೆದ ಚಪ್ಪಲಿ, ಸೈಕಲ್ಲಿನ ಹಳೆಯ ಟ್ಯೂಬು, ಹರಿದ ಬಿಸಿನೀರ ಚೀಲ, ಯಾವುದನ್ನೂ ಇವರು ಕಸಕ್ಕೆ ಹೋಗಗೊಡುವುದಿಲ್ಲ. ಎಲ್ಲದರಿಂದಲೂ ಬಿಲ್ಲೆ ಕತ್ತರಿಸುತ್ತಾರೆ. ನನ್ನ ಚಪ್ಪಲಿಯನ್ನೂ ಎರಡು ಸಲ ದಿಟ್ಟಿಸಿ ನೋಡಿದರು. ನಾನು ಕಾಲು ಹಿಂದೆಳೆದುಕೊಂಡೆ.

ಪತ್ರಿಕೆಗೆ ಬರೆಯಲೆಂದು ನಾನು ಹೋದ ದಿನ ಎಂಬತ್ತೇಳನೇ ದಿನ. ಇವರು ಕೇಳಿ ಪಡೆದದ್ದು ನೂರು ದಿನ. ಆ ಕಥೆ ಶುರುವಾಗುವುದು ಸಮುಚ್ಚಯದ ನಿವಾಸಿಗಳ ಒಂದು ಸಭೆಯಲ್ಲಿ.

ಪ್ರತಿ ಬೇಸಿಗೆಯಲ್ಲೂ ಮೇಲಿನ ಮಹಡಿಗಳಿಗೆ ನೀರು ಸಾಲುತ್ತಿರಲಿಲ್ಲ. ಇನ್ನೊಂದು ಕೊಳವೆಬಾವಿ ಕೊರೆಸೋಣ, ಈಗಿರುವುದಕ್ಕಿಂತ ಇನ್ನೂ ಆಳಕ್ಕೆ ಹೋಗೋಣ ಎಂದು ಸಭೆ ಹೆಚ್ಚುಕಡಿಮೆ ತೀರ್ಮಾನಿಸಿಬಿಟ್ಟಿತ್ತು. ವಾಷರಮ್ಮ ಆಗ ಕುರ್ಚಿ ಜೋಡಿಸಿ, ಹಿಂದೆ ಗೋಡೆಯ ಬಳಿ ನಿಂತಿದ್ದರು. ಹತ್ತೊಂಬತ್ತು ವರ್ಷ ಇಲ್ಲಿ ಕೆಲಸ ಮಾಡಿ ಒಮ್ಮೆಯೂ ಸಭೆಯಲ್ಲಿ ಬಾಯಿ ಬಿಟ್ಟವರಲ್ಲ. ಅಂದು ಬಿಟ್ಟರು.

"ನೀರು ಕಮ್ಮಿ ಇಲ್ಲ. ಸೋರ್ತಿದೆ. ನೂರು ದಿನ ಕೊಡಿ, ತೋರಿಸ್ತೀನಿ."

ಯಾರೋ ನಕ್ಕರಂತೆ. ಕಾರ್ಯದರ್ಶಿಗಳು ನಗಲಿಲ್ಲ. ಅವರು ಮೂವತ್ತೊಂದು ವರ್ಷ ರೈಲ್ವೆಯಲ್ಲಿ ಟೈಮ್‌ಕೀಪರ್ ಆಗಿದ್ದವರು, ಗಡಿಯಾರ ಬಿಟ್ಟು ಬೇರೆ ಯಾರನ್ನೂ ನಂಬದ ಮನುಷ್ಯ. ಆಗ ಪಂಪು ದಿನಕ್ಕೆ ಆರು ಗಂಟೆ ಇಪ್ಪತ್ತು ನಿಮಿಷ ಓಡುತ್ತಿತ್ತು. ಕೊನೆಯ ಹತ್ತು ದಿನದ ಸರಾಸರಿ ನಾಲ್ಕು ಗಂಟೆಗೆ ಇಳಿಯಬೇಕು, ಇಳಿಯದಿದ್ದರೆ ನೂರಾ ಒಂದನೇ ದಿನ ಕೊರೆಯುವ ಯಂತ್ರ ಗೇಟಿನೊಳಗೆ ಬರುತ್ತದೆ ಎಂದು ಅವರು ಷರತ್ತು ಹಾಕಿದರು. ವಾಷರಮ್ಮ ತಲೆಯಾಡಿಸಿದರು.

ಅವರು ಯಾಕೆ ಬಾಯಿ ಬಿಟ್ಟರು ಎಂಬುದು ಆ ಸಭೆಗೆ ತಿಳಿದಿರಲಿಲ್ಲ. ನನಗೂ ತಿಳಿದದ್ದು ಅವರೊಂದಿಗೆ ಹಿಂದಿನ ಕಾಂಪೌಂಡ್ ಗೋಡೆಯವರೆಗೆ ನಡೆದುಹೋದಾಗಲೇ. ಗೋಡೆಯಾಚೆ ಇನ್ನೂರು ಹೆಜ್ಜೆ ದೂರದಲ್ಲಿ ಹದಿನೆಂಟು ಸಣ್ಣ ಮನೆಗಳ ಒಂದು ಓಣಿ. ಓಣಿಯ ನಡುವೆ ಒಂದು ತೆರೆದ ಬಾವಿ. ವಾಷರಮ್ಮ ಹುಟ್ಟಿದ್ದು ಅಲ್ಲಿ. ಈಗ ಆ ಮನೆಯಲ್ಲಿ ಅವರ ಅಕ್ಕ ಇದ್ದಾರೆ, ಮಂಡಿನೋವಿನ ಅಕ್ಕ. ಹನ್ನೊಂದು ವರ್ಷದ ಹಿಂದೆ ಸಮುಚ್ಚಯದವರು ಮೊದಲ ಕೊಳವೆಬಾವಿ ಕೊರೆಸಿದಾಗ ಓಣಿಯ ಬಾವಿಯ ನೀರು ಒಂಬತ್ತು ಮೆಟ್ಟಿಲು ಕೆಳಗಿಳಿಯಿತು. ಬೇಸಿಗೆಯಲ್ಲಿ ಪೂರಾ ಬತ್ತಿದ ವಾರಗಳಲ್ಲಿ ಅಕ್ಕ ಹೆದ್ದಾರಿ ದಾಟಿ ನೀರು ಹೊತ್ತು ತಂದಿದ್ದಾರೆ.

"ಇನ್ನೊಂದು ಕೊರೆದ್ರೆ ಆ ಬಾವಿ ಮುಗೀತು ಮೇಡಂ," ಎನ್ನುತ್ತಾರೆ ವಾಷರಮ್ಮ. "ಇಲ್ಲಿ ಪಂಪ್ ಜಾಸ್ತಿ ಓಡಿದ ದಿನ ಅಲ್ಲಿ ಹಗ್ಗ ಸಾಲಲ್ಲ. ಈ ಗೋಡೆಯ ಎರಡೂ ಕಡೆ ನೋಡಿರೋಳು ನಾನೊಬ್ಳೇ."

ಓಣಿಯವರಿಗೆ ಹೇಳಲಿಲ್ಲವೇ ಎಂದರೆ ಕೈಯಾಡಿಸಿಬಿಡುತ್ತಾರೆ. "ಹೇಳಿದ್ರೆ ಗಲಾಟೆ. ಗಲಾಟೆ ಆದ್ರೆ ಇವ್ರು ಹಟಕ್ಕೆ ಬಿದ್ದು ನಾಳೆನೇ ಕೊರೆಸ್ತಾರೆ. ಅದಕ್ಕಿಂತ ನಲ್ಲಿ ಬಿಚ್ಚೋದು ವಾಸಿ."

ಬಿಚ್ಚಿದರು. ದಿನಕ್ಕೆ ನಾಲ್ಕು ಮನೆಯಂತೆ ಇಪ್ಪತ್ತಾರು ದಿನ. ಒಟ್ಟು ಏಳುನೂರಕ್ಕೂ ಹೆಚ್ಚು ನಲ್ಲಿ, ಅವುಗಳಲ್ಲಿ ಮುನ್ನೂರ ಹನ್ನೊಂದಕ್ಕೆ ಹೊಸ ವಾಷರ್. ನಲ್ಲಿಯ ಕೆಳಗೆ ಸ್ಟೀಲ್ ಲೋಟ ಇಟ್ಟು, ಮನೆಯವರನ್ನೇ ಪಕ್ಕದಲ್ಲಿ ನಿಲ್ಲಿಸಿ ಹನಿ ಎಣಿಸುವುದು ಇವರ ಪದ್ಧತಿ. ನಿಮಿಷಕ್ಕೆ ನೂರು ಹನಿ ಬಿದ್ದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಬಕೆಟ್ ಆಗುತ್ತದೆ. ಇದನ್ನು ಇವರು ಯಾವ ಪುಸ್ತಕದಲ್ಲೂ ಓದಿಲ್ಲ, ಬಕೆಟ್ ಇಟ್ಟು ನೋಡಿದ್ದಾರೆ.

ಕೆಲಸ ಕಲಿತದ್ದೂ ಹಾಗೆಯೇ. ಮೊದಲು ಇವರು ಮೆಟ್ಟಿಲು ಗುಡಿಸುವವರು. ಸೋರುವ ನಲ್ಲಿಗೆಂದು ಪ್ಲಂಬರನ್ನು ಕರೆದರೆ, ಒಂದು ವಾಷರಿಗೆ ಯಾರು ಬರುತ್ತಾರೆ ಎಂದು ಅವನು ಮೂಗು ಮುರಿಯುತ್ತಿದ್ದ. ಒಂದು ದಿನ ಇವರೇ ಸ್ಪ್ಯಾನರ್ ಹಿಡಿದರು, ಮೇನ್ ವಾಲ್ವ್ ಮುಚ್ಚದೆಯೇ ನಲ್ಲಿ ಬಿಚ್ಚಿದರು. ನೀರು ಚಾವಣಿಗೆ ಬಡಿಯಿತು. "ಅವತ್ತು ನಾನೂ ತೊಯ್ದೆ, ಆ ಮನೆ ಸೋಫಾನೂ ತೊಯ್ತು. ಆದ್ರೆ ಒಳಗೆ ಏನಿದೆ ಅಂತ ನೋಡ್ಬಿಟ್ಟೆ. ಇಷ್ಟೇನಾ ಅನ್ನಿಸ್ತು." ಊರಿಂದೂರಿಗೆ ಬಸ್ಸು ಓಡಿಸುವ ಗಂಡ ಮನೆಗೆ ಬರುವುದು ದಿನ ಬಿಟ್ಟು ದಿನ. ಪಂಪ್ ಕೋಣೆಯ ಹಿಂದಿನ ಒಂದೇ ಕೋಣೆಯ ಮನೆಯಲ್ಲಿ ಮಂಚದ ಕೆಳಗೆಲ್ಲ ಪೈಪಿನ ತುಂಡುಗಳು. ಗಂಡ ಕಾಲು ಚಾಚುವ ಮೊದಲು ಬಗ್ಗಿ ನೋಡುತ್ತಾರಂತೆ.

ನಲ್ಲಿಗಿಂತ ದೊಡ್ಡ ಕಳ್ಳ ಶೌಚಾಲಯದ ಫ್ಲಶ್ ಟ್ಯಾಂಕು. ಅದು ಸದ್ದಿಲ್ಲದೆ ಸೋರುತ್ತದೆ, ಒಂದೇ ಕಿವಿಯ ವಾಷರಮ್ಮನಿಗೂ ಕೇಳುವುದಿಲ್ಲ. ಅದಕ್ಕೆ ಇವರ ಉಪಾಯ ಬೀಟ್‌ರೂಟ್. ಟ್ಯಾಂಕಿಗೆ ಒಂದು ಲೋಟ ರಸ ಸುರಿದು, ಕಾಲು ಗಂಟೆ ಯಾರೂ ಒಳಗೆ ಹೋಗದಂತೆ ನೋಡಿಕೊಳ್ಳುವುದು. ಕೆಳಗಿನ ಕಮೋಡ್ ಕೆಂಪಾದರೆ ಟ್ಯಾಂಕು ಸೋರುತ್ತಿದೆ ಎಂದರ್ಥ. ಐವತ್ತೇಳು ಮನೆಗಳಲ್ಲಿ ಕೆಂಪಾಯಿತು. ಮೊದಲ ಬ್ಲಾಕಿನ ಒಬ್ಬ ಯಜಮಾನರಿಗೆ ಮನೆಯವರು ವಿಷಯ ಹೇಳಲು ಮರೆತಿದ್ದರು. ಅವರು ಕಮೋಡ್ ನೋಡಿ, ಕಂಡ ಕೆಂಪೆಲ್ಲ ತಮ್ಮದೇ ರಕ್ತ ಎಂದುಕೊಂಡು, ಆಟೊ ಹತ್ತಿ ಸೀದಾ ಡಾಕ್ಟರ ಬಳಿ ಹೋದರು. ಮೂರು ಪರೀಕ್ಷೆಗಳಾದ ಮೇಲೆ ಹೆಂಡತಿ ಫೋನ್ ಮಾಡಿದರು. ಅವರು ಇವತ್ತಿಗೂ ವಾಷರಮ್ಮನನ್ನು ಕಂಡರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯುತ್ತಾರೆ. ಆದರೆ ಅವರ ಫ್ಲಶ್ ಟ್ಯಾಂಕು ಈಗ ಸೋರುತ್ತಿಲ್ಲ.

ಇಷ್ಟರಿಂದ ಪಂಪು ಐದು ಗಂಟೆ ಐದು ನಿಮಿಷಕ್ಕೆ ಇಳಿಯಿತು. ಇನ್ನು ಮುಂದೆ ಸ್ಪ್ಯಾನರಿಗೆ ಕೆಲಸವಿಲ್ಲ. ಉಳಿದದ್ದು ಮನುಷ್ಯರು, ಅವರ ರೂಢಿ.

ಈ ಭಾಗದಲ್ಲಿ ನನಗೆ ಸ್ವಲ್ಪ ನಾಚಿಕೆಯಾಗುತ್ತದೆ. ಪರಿಸರದ ಬಗ್ಗೆ ನಾನೂ ಪುಟಗಟ್ಟಲೆ ಬರೆದವಳೇ. ಹಲ್ಲುಜ್ಜುವಾಗ ನಲ್ಲಿ ಬಿಟ್ಟುಕೊಂಡೇ ಏನು ಬರೆಯಬೇಕೆಂದು ಯೋಚಿಸಿದ್ದೇನೆ. ವಾಷರಮ್ಮ ಭಾಷಣ ಮಾಡುವುದಿಲ್ಲ. ಒಂದು ಮನೆಗೆ ಒಂದು ವಾರಕ್ಕೆ ಒಂದೇ ರೂಢಿ ಹೇಳುತ್ತಾರೆ. ಹಲ್ಲುಜ್ಜಲು ಮಗ್ಗಿನಲ್ಲಿ ನೀರು. ಮುಂದಿನ ವಾರ, ತರಕಾರಿ ತೊಳೆದ ನೀರು ಗಿಡಕ್ಕೆ. ಅದರ ಮುಂದಿನ ವಾರ, ಕುಡಿಯುವ ನೀರಿನ ಯಂತ್ರ ಹೊರಗೆ ಬಿಡುವ ನೀರನ್ನು ಬಕೆಟ್ಟಿಗೆ ಹಿಡಿದು ಅದರಲ್ಲೇ ನೆಲ ಒರೆಸುವುದು. ಬಟ್ಟೆ ಒಗೆಯುವ ಯಂತ್ರ ತುಂಬಿದ ಮೇಲೆಯೇ ಗುಂಡಿ ಒತ್ತುವುದು. ಫ್ಲಶ್ ಟ್ಯಾಂಕಿನೊಳಗೆ ನೀರು ತುಂಬಿದ ಒಂದು ಬಾಟಲಿ ಇಟ್ಟುಬಿಟ್ಟರೆ ಪ್ರತಿ ಸಲವೂ ಅಷ್ಟು ನೀರು ಉಳಿಯುತ್ತದೆ.

"ಎಲ್ಲಾ ಒಟ್ಟಿಗೆ ಹೇಳಿದ್ರೆ ತಲೆ ಅಲ್ಲಾಡಿಸಿ ಬಾಗಿಲು ಮುಚ್ಕೊಳ್ತಾರೆ," ಎನ್ನುತ್ತಾರೆ. "ಒಂದೇ ಹೇಳಿದ್ರೆ, ಅಯ್ಯೋ ಇಷ್ಟೇನಾ ಅಂತ ಮಾಡ್ತಾರೆ. ಇಷ್ಟೇನಾ ಅನ್ನಿಸ್ಬೇಕು ಮೇಡಂ."

ಅರವತ್ತನೇ ದಿನಕ್ಕೆ ಪಂಪು ನಾಲ್ಕು ಗಂಟೆ ನಲವತ್ತು ನಿಮಿಷ. ಅಲ್ಲಿಗೆ ನಿಂತಿತು, ಇಳಿಯಲೊಲ್ಲದು. ಅರ್ಧದಷ್ಟು ಮನೆಗಳು ಮಾಡುತ್ತಿದ್ದವು, ಉಳಿದರ್ಧ ವಾಷರಮ್ಮ ಎದುರಿಗಿದ್ದಾಗ ಮಾತ್ರ ಮಾಡುತ್ತಿದ್ದವು. ಅರವತ್ತಮೂರನೇ ದಿನ ಎಲ್ಲ ಮುಳುಗಿತು ಎನ್ನುವಂತಹ ಘಟನೆ ನಡೆಯಿತು. ಕನ್ನಡ ಬರುವವರಿಂದ ಮಾತ್ರ ಆಗಬಹುದಾದ ತಪ್ಪು ಅದು.

ಮೂರನೇ ಬ್ಲಾಕಿನ ಹಿಂದೆ ಪೈಪಿನ ಒಂದು ತುಂಡನ್ನು ತುಕ್ಕು ತಿಂದಿತ್ತು. ವಾಷರಮ್ಮ ವಾಲ್ವ್ ಮುಚ್ಚಿ, ಆ ತುಂಡನ್ನು ಕತ್ತರಿಸಿ ತೆಗೆದು, ಹೊಸದು ತರಲು ಮಧ್ಯಾಹ್ನ ಬಸ್ಸು ಹತ್ತಿದರು. ಅರ್ಧ ದಾರಿಯಲ್ಲಿ ಅನುಮಾನ ಹೊಕ್ಕಿತು, ವಾಲ್ವ್ ಪೂರ್ತಿ ಮುಚ್ಚಿದೆನೋ ಇಲ್ಲವೋ. ಗೇಟಿನ ಕಾವಲುಗಾರನಿಗೆ ಫೋನ್ ಮಾಡಿದರು.

"ಮೂರನೇ ಬ್ಲಾಕಿನ ವಾಲ್ವ್ ಹಾಕಿದ್ಯಾ ನೋಡು. ಇಲ್ಲಾಂದ್ರೆ ಹಾಕ್ಬಿಡು."

ಐದು ನಿಮಿಷದಲ್ಲಿ ಅವನ ಫೋನು. "ಹಾಕಿರ್ಲಿಲ್ಲ ಅಮ್ಮ. ಹಾಕ್ಬಿಟ್ಟೆ, ಫುಲ್ಲು!"

ವಾಷರಮ್ಮ ನೆಮ್ಮದಿಯಿಂದ ಅಂಗಡಿಗೆ ಹೋದರು. ಎರಡು ಗಂಟೆ ಬಿಟ್ಟು ವಾಪಸ್ಸು ಬಂದಾಗ ಮೂರನೇ ಬ್ಲಾಕಿನ ಹಿಂದೆ ಕಾವಲುಗಾರ ಪ್ಯಾಂಟು ಮಡಚಿಕೊಂಡು ಪಾದ ಮುಳುಗುವ ನೀರಿನಲ್ಲಿ ನಿಂತಿದ್ದ. ತಾರಸಿಯ ಮೇಲಿದ್ದ ಹತ್ತು ಸಾವಿರ ಲೀಟರಿನ ಟ್ಯಾಂಕು ಆ ಕತ್ತರಿಸಿದ ಪೈಪಿನಿಂದ ಪೂರ್ತಿ ಚರಂಡಿಗೆ ಹೋಗಿತ್ತು. ನಲ್ಲಿ ಒಣಗಿದ ಮನೆಯವರು ಬಾಲ್ಕನಿಗಳಲ್ಲಿ ನಿಂತು ಕೂಗಾಡುತ್ತಿದ್ದರು.

"ನೀವೇ ಹಾಕು ಅಂದ್ರಲ್ಲಮ್ಮ!" ಎಂದ ಕಾವಲುಗಾರ, ಅಳು ಬರುವ ದನಿಯಲ್ಲಿ.

"ಬಾಗಿಲು ಹಾಕು ಅಂದ್ರೆ ಏನ್ ಮಾಡ್ತೀಯಪ್ಪಾ?"

"ಮುಚ್ತೀನಿ."

"ಮತ್ತೆ?"

"ಲೈಟ್ ಹಾಕು ಅಂದ್ರೆ ಹೊತ್ತಿಸ್ತೀನಲ್ಲ! ಫ್ಯಾನ್ ಹಾಕು ಅಂದ್ರೆ ತಿರುಗಿಸ್ತೀನಲ್ಲ! ವಾಲ್ವು ಬಾಗಿಲ ಜಾತಿನೋ ಲೈಟಿನ ಜಾತಿನೋ ನಂಗೇನಮ್ಮ ಗೊತ್ತು?"

ಅವನು ಹೇಳಿದ್ದು ಸರಿ. ಬಾಗಿಲು ಹಾಕಿದರೆ ಮುಚ್ಚುತ್ತದೆ, ಲೈಟು ಹಾಕಿದರೆ ಹೊತ್ತುತ್ತದೆ. ಬಾಗಿಲು ತೆಗೆದರೆ ತೆರೆಯುತ್ತದೆ, ಲೈಟು ತೆಗೆದರೆ ಆರುತ್ತದೆ. ಇಷ್ಟು ಕಾಲ ಈ ಎರಡು ಮಾತುಗಳನ್ನಿಟ್ಟುಕೊಂಡು ನಾವೆಲ್ಲ ಹೇಗೆ ಸಂಸಾರ ಮಾಡಿದೆವೋ ನನಗಂತೂ ಆಶ್ಚರ್ಯ.

ಅಂದು ಪಂಪು ಐದು ಗಂಟೆ ಐವತ್ತು ನಿಮಿಷ ಓಡಿತು. ಕಾರ್ಯದರ್ಶಿಗಳು ಕಾವಲುಗಾರನನ್ನು ಮರುದಿನವೇ ಕೆಲಸದಿಂದ ಬಿಡಿಸುವ ಮಾತಾಡಿದರು. ಎಲ್ಲರೂ ಅವನದೇ ತಪ್ಪು ಎಂದುಕೊಂಡಿದ್ದರು. ವಾಷರಮ್ಮ ಸುಮ್ಮನಿದ್ದರೆ ಸಾಕಿತ್ತು, ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವರು ಬೆಳಗಾಗುತ್ತಲೇ ಲಿಫ್ಟಿನ ಪಕ್ಕದ ಕರಿಹಲಗೆಯ ಮುಂದೆ ಹೋಗಿ ನಿಂತರು. ದಿನದ ಪಂಪಿನ ಹೊತ್ತನ್ನು ಬರೆಯುವ ಹಲಗೆ ಅದು. ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದರು: "ನಿನ್ನೆ ಹತ್ತು ಸಾವಿರ ಲೀಟರ್ ನೀರು ಹೋಯಿತು. ತಪ್ಪು ನನ್ನದು. ಕಾವಲುಗಾರನದಲ್ಲ. ನಾನು ಸರಿಯಾಗಿ ಹೇಳಲಿಲ್ಲ." ಕೆಳಗೆ ತಮ್ಮ ಹೆಸರು ಬರೆದರು, ಅಡ್ಡಹೆಸರಲ್ಲ, ಸ್ವಂತ ಹೆಸರು. ಅದು ಯಾರದೆಂದು ಮೊದಲು ಬಹಳ ಜನಕ್ಕೆ ತಿಳಿಯಲೇ ಇಲ್ಲವಂತೆ.

"ಎರಡು ಸಲ ಬರೆದು ಅಳಿಸಿದ್ದೆ," ಎಂದು ಒಪ್ಪಿಕೊಳ್ಳುತ್ತಾರೆ. "ನೂರು ದಿನ ಇಲ್ಲಿಗೇ ಮುಗೀತು ಅಂದ್ಕೊಂಡೆ. ಆದ್ರೆ ಅವನ ಕೆಲಸ ಹೋಗಿ ನನ್ನ ಬಾವಿ ಉಳಿಯೋದು ಬೇಡ."

ಎರಡು ದಿನ ಏನೂ ಆಗಲಿಲ್ಲ. ಮೂರನೇ ಬೆಳಿಗ್ಗೆ ಆ ಬರಹದ ಕೆಳಗೆ ಬೇರೆ ಅಕ್ಷರದಲ್ಲಿ ಒಂದು ಸಾಲು ಇತ್ತು: "ನಮ್ಮ ಮನೆಯ ಗೀಸರ್ ಪೈಪ್ ತಿಂಗಳಿಂದ ಸೋರುತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆವು." ಹೆಸರಿಲ್ಲ. ಸಂಜೆಗೆ ಇನ್ನೊಂದು: "ದಿನಾ ಕಾರಿಗೆ ಪೈಪ್ ಹಿಡಿದು ತೊಳೆಯುವವನು ನಾನೇ. ಇನ್ನು ಒದ್ದೆ ಬಟ್ಟೆ." ಆಮೇಲೆ ಒಬ್ಬ ಹುಡುಗಿ, "ನನ್ನ ಸ್ನಾನ ಇಪ್ಪತ್ತು ನಿಮಿಷ. ಅಮ್ಮನ ಪ್ರಕಾರ ನಲವತ್ತು." ಹಲಗೆ ಸಾಲದೆ ಇನ್ನೊಂದು ತೂಗುಹಾಕಬೇಕಾಯಿತು. ಯಾವ ಕೈಬರಹ ಯಾರದು ಎಂದು ಪತ್ತೆ ಮಾಡುವುದೇ ಸಮುಚ್ಚಯದ ಸಂಜೆಯ ಮನರಂಜನೆಯಾಯಿತು. ಅಲ್ಲಿಯವರೆಗೆ ವಾಷರಮ್ಮನದಾಗಿದ್ದ ಕೆಲಸ ಆ ವಾರದಿಂದ ಎಲ್ಲರದಾಯಿತು. ಪಂಪಿನ ಹೊತ್ತು ಮತ್ತೆ ಇಳಿಯತೊಡಗಿತು.

ಜೊತೆಗೆ ಒಂದು ಕಾನೂನೂ ಬಂತು. ಈ ಗೇಟಿನೊಳಗೆ ನೀರಿನ ವಿಷಯದಲ್ಲಿ "ಹಾಕು", "ತೆಗಿ" ಎಂಬ ಮಾತುಗಳು ನಿಷಿದ್ಧ. ವಾಲ್ವ್ ಮುಚ್ಚಬೇಕು ಇಲ್ಲವೇ ಬಿಡಬೇಕು. ಮೋಟರ್ ಓಡಿಸಬೇಕು ಇಲ್ಲವೇ ನಿಲ್ಲಿಸಬೇಕು. ನಾನು ಬಾಯಿತಪ್ಪಿ, "ನಲ್ಲಿ ತೆಗೀತೀರಾ, ಕೈ ತೊಳೀಬೇಕು," ಎಂದಾಗ ಕಾವಲುಗಾರ ಗಂಭೀರವಾಗಿ ಕೇಳಿದ: "ಗೋಡೆಯಿಂದ ಕಿತ್ತು ಕೊಡ್ಲಾ ಮೇಡಂ, ಇಲ್ಲಾ ನೀರು ಬಿಡ್ಲಾ?"

ನೂರನೇ ದಿನದ ಸಂಜೆ ಸಭೆಗೆ ನಾನೂ ಹೋಗಿ ಕುಳಿತೆ. ವಾಷರಮ್ಮ ಎಂದಿನಂತೆ ಕುರ್ಚಿ ಜೋಡಿಸಿ ಹಿಂದೆ ನಿಂತರು. ಕಾರ್ಯದರ್ಶಿಗಳು ಕನ್ನಡಕ ಏರಿಸಿ ಕೊನೆಯ ಹತ್ತು ದಿನಗಳ ಹೊತ್ತನ್ನು ಒಂದೊಂದಾಗಿ ಓದಿ ಕೂಡಿಸಿದರು. ಕೂಡಿಸಿದ್ದನ್ನು ಇನ್ನೊಮ್ಮೆ ಕೂಡಿಸಿದರು.

"ನಾಲ್ಕು ಗಂಟೆ ಮೂರು ನಿಮಿಷ," ಎಂದರು.

ಬೀಟ್‌ರೂಟ್ ಯಜಮಾನರು ಎದ್ದು, "ನಾಲ್ಕು ಅಂತ ಬರೀರಿ ಸ್ವಾಮಿ, ಮೂರು ನಿಮಿಷ ಹೆಚ್ಚುಕಮ್ಮಿ ಯಾರ ಗಡಿಯಾರದಲ್ಲಿ ಇಲ್ಲ?" ಎಂದರು.

ಹಿಂದಿನಿಂದ ವಾಷರಮ್ಮನ ದನಿ ಬಂತು. "ಬೇಡ. ಇದ್ದದ್ದು ಇದ್ದ ಹಾಗೆ ಬರೀರಿ. ಮೂರು ನಿಮಿಷ ಜಾಸ್ತಿ ಆಗಿದೆ. ಅದನ್ನೂ ಇಳಿಸ್ತೀನಿ. ಆದ್ರೆ ಯಂತ್ರ ತರಿಸ್ಬೇಡಿ."

ಕಾರ್ಯದರ್ಶಿಗಳು ಕನ್ನಡಕ ತೆಗೆದು ಕಾಗದದ ಮೇಲಿಟ್ಟರು.

"ಮೂರು ನಿಮಿಷ ತಡವಾಗಿ ಬಂದ ರೈಲನ್ನ ನಾನು ಯಾವತ್ತೂ ಸರಿಯಾದ ಹೊತ್ತಿಗೆ ಬಂತು ಅಂತ ಬರೆದಿಲ್ಲ," ಎಂದರು. "ತಡ ಅಂತಲೇ ಬರೀತೀನಿ. ಆದ್ರೆ ಮೂರು ನಿಮಿಷ ತಡ ಆಯ್ತು ಅಂತ ರೈಲನ್ನೇ ಯಾರೂ ರದ್ದು ಮಾಡಲ್ಲ."

ಕೊಳವೆಬಾವಿಯ ಮಾತು ಒಂದು ವರ್ಷ ಮುಂದಕ್ಕೆ ಹೋಯಿತು. ಕೈ ಎತ್ತದವರು ಇಬ್ಬರೋ ಮೂವರೋ ಇದ್ದರು. ಚಪ್ಪಾಳೆ ಬಿತ್ತು. ವಾಷರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಕುರ್ಚಿ ಮಡಚಲು ಶುರುಮಾಡಿದರು. ಒಂದು ವರ್ಷ ಅಂದರೆ ಮತ್ತೆ ಮುನ್ನೂರ ಅರವತ್ತೈದು ದಿನವಲ್ಲವೇ ಎಂದು ನಾನು ಕೇಳಿದೆ. "ಆಗ್ಲಿ. ನೂರು ಮಾಡಿ ಅಭ್ಯಾಸ ಆಗಿದೆ," ಎಂದರು.

ಮರುದಿನ ಬೆಳಿಗ್ಗೆ ಅವರ ಜೊತೆ ಓಣಿಗೆ ಹೋಗುತ್ತೇನೆ. ಅಕ್ಕ ಬಾವಿಕಟ್ಟೆಯ ಬಳಿ ಮಂಡಿ ನೀವಿಕೊಳ್ಳುತ್ತಾ ಕುಳಿತಿದ್ದಾರೆ. ಪಕ್ಕದಲ್ಲಿ ತುಂಬಿದ ಎರಡು ಕೊಡ. ನಾನು ತಂಗಿಯ ಗೆಳತಿಯೆಂದುಕೊಂಡು ಸ್ಟೀಲ್ ಲೋಟದಲ್ಲಿ ನೀರು ಕೊಡುತ್ತಾರೆ. ತಣ್ಣಗಿದೆ.

"ಈ ಬೇಸಿಗೆ ಬಾವಿ ಬತ್ತಲೇ ಇಲ್ಲ ನೋಡಿ," ಎನ್ನುತ್ತಾರೆ ಅಕ್ಕ. "ಒಂದೊಂದು ವರ್ಷ ಹೀಗೇನೇ. ಯಾರೂ ಏನೂ ಮಾಡ್ಬೇಕಾಗಿಲ್ಲ, ತಾನಾಗೇ ಒಳ್ಳೇದಾಗ್ಬಿಡುತ್ತೆ." ಆಮೇಲೆ ತಂಗಿಯ ಕಡೆ ತಿರುಗಿ, "ನಿನ್ ಮುಖ ಯಾಕೆ ಹೀಗೆ ಸೊರಗಿದೆ? ಅಲ್ಲಿ ಅಂಥದ್ದೇನು ಕಡಿದು ಗುಡ್ಡೆ ಹಾಕ್ತೀಯೋ!" ಎಂದು ಗದರುತ್ತಾರೆ.

"ನಲ್ಲಿ ರಿಪೇರಿ ಅಕ್ಕ," ಎನ್ನುತ್ತಾರೆ ವಾಷರಮ್ಮ. ತುಂಬಿದ ಕೊಡವೊಂದನ್ನು ಸೊಂಟಕ್ಕೇರಿಸಿ ಮನೆಯೊಳಗಿಟ್ಟು ಬರುತ್ತಾರೆ.

ವಾಪಸ್ಸು ಬರುವಾಗ ನನಗೆ ತಡೆಯಲಾಗುವುದಿಲ್ಲ. ಅಕ್ಕನಿಗಾದರೂ ಹೇಳಬಾರದೇ ಎಂದು ಕೇಳುತ್ತೇನೆ. ವಾಷರಮ್ಮ ನಡೆಯುತ್ತಲೇ ಉತ್ತರ ಕೊಡುತ್ತಾರೆ.

"ಅದು ಕುಡಿಯೋ ನೀರು ಮೇಡಂ. ಪ್ರತಿ ಗುಟುಕಿಗೂ ತಂಗಿ ನೆನಪಾಗ್ಬೇಕಾ? ನೀರು ನೀರಿನ ಥರನೇ ಇರ್ಲಿ."